ಒಳ್ಳೆ ಹೊತ್ತು ನೋಡಿ ಬರುತ್ತಿದ್ದ ಇಮೇಲು

ನನ್ನ ಅತ್ತೆಯ ಮಗನಿಗೆ ಮಸ್ಕತ್ತಿನಲ್ಲಿ ಕೆಲಸ ಕೊಡುತ್ತೇನೆಂದ, ಕಟ್ಟಡ ಕಟ್ಟಿಸುವ ಕಂಪೆನಿಯ ಮೊದಲ ಇಮೇಲು ನಮ್ಮ ಮನೆಗೆ ಬಂದದ್ದು ಪ್ಲಾಸ್ಟಿಕ್ ಕವರಿನೊಳಗೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿಕೊಂಡು. ಅತ್ತೆ, ಅಂದರೆ ಅಪ್ಪನ ಅಕ್ಕ, ಅದನ್ನು ಆಂಡಿಪಟ್ಟಿಯಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡೇ ತಂದಿದ್ದಳು. ಮಡಿಸಿದರೆ ಕೆಲಸವೇ ಕೈತಪ್ಪೀತು ಅನ್ನುವ ಹಾಗೆ ಎರಡೂ ಕೈಯಲ್ಲಿ ಹಿಡಿದು, ಹನುಮಂತನಪಟ್ಟಿಯ ಬಸ್ ಸ್ಟಾಪಿನಿಂದ ನಮ್ಮ ಮನೆಯವರೆಗೆ ಬೀದಿಯ ನಟ್ಟನಡುವೆ ನಡೆದು ಬಂದಳು. ಮದುವೆ ಕಾಗದಕ್ಕೆ ಅರಿಶಿನ ಹಚ್ಚುವುದು ಸರಿ. ಕಂಪ್ಯೂಟರಿನಿಂದ ಇಳಿದ ಕಾಗದಕ್ಕೂ ಹಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಕ್ಕುಬಿಟ್ಟೆ. ಅಮ್ಮ ನನ್ನ ತೊಡೆ ಜಿಗುಟಿದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ಇಮೇಲೆಂದರೆ ಏನೆಂದು ತಿಳಿದವರು ಕಡಿಮೆ, ತಿಳಿಯದು ಎಂದು ಒಪ್ಪಿಕೊಳ್ಳುವವರು ಅದಕ್ಕಿಂತ ಕಡಿಮೆ. ನಮ್ಮೂರಿನ ದ್ರಾಕ್ಷಿ ವ್ಯಾಪಾರಿಯೊಬ್ಬ ಅಂಗಡಿಯ ಬೋರ್ಡಿನ ಮೇಲೆ ತನ್ನ ಇಮೇಲ್ ವಿಳಾಸ ಬರೆಸಿ, ಅದಕ್ಕೆ ಬಂದ ಪತ್ರಗಳನ್ನು ಅಂಚೆಯವನು ಮನೆಗೆ ತಂದುಕೊಡುತ್ತಾನೆಂದು ಕಾಯುತ್ತಿದ್ದ. ಅಂಥ ಊರಿನಲ್ಲಿ ಇಮೇಲು ಬಂದಿದೆ ಎಂದರೆ ಸಾಕು, ಅದರಲ್ಲಿ ಏನು ಬಂದಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಅತ್ತೆ ಕವರನ್ನು ನನ್ನ ಕೈಗೆ ಕೊಟ್ಟಳು. ನಮ್ಮ ಮನೆಯಲ್ಲಿ ಇಂಗ್ಲಿಷ್ ಓದುವವಳು ನಾನೊಬ್ಬಳೇ. ಡಿಗ್ರಿ ಮುಗಿಸಿ, ತೇನಿಗೆ ಹೋಗಿ ಕಂಪ್ಯೂಟರ್ ಕ್ಲಾಸನ್ನೂ ಮುಗಿಸಿದ್ದೆ. ಅತ್ತೆಯ ಮಗ ಪಕ್ಕದಲ್ಲೇ ಕುಳಿತಿದ್ದ. ಅವನಿಗೂ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು, ಆದರೆ ತನ್ನ ಹೊಗಳಿಕೆಯನ್ನು ತಾನೇ ಓದಬಾರದಂತೆ.

"ಇಂಗಿಲೀಸು ಈ ಮನೇಲಿ ನಿಂಗೊಬ್ಳಿಗೆ ತಾನೆ ಬರೋದು. ಗಟ್ಟಿಯಾಗಿ ಓದು ತಾಯಿ, ಎಲ್ಲಾರೂ ಕೇಳಲಿ" ಎಂದಳು ಅತ್ತೆ.

ಓದಿದೆ. ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಓದಿ ಮನೆಮಾತಿನಲ್ಲಿ ಹೇಳಬೇಕು. ನಮ್ಮ ಮನೆಮಾತು ಕನ್ನಡವೇ, ಆದರೆ ಎಷ್ಟೋ ತಲೆಮಾರಿನ ಹಿಂದೆ ಕನ್ನಡ ನಾಡು ಬಿಟ್ಟು ಬಂದವರ ಕನ್ನಡ. ಅರ್ಧ ತಮಿಳು ಬೆರೆತದ್ದು, ಬರೆಯುವ ಅಭ್ಯಾಸವಿಲ್ಲದ್ದು. ಈಗ ಬರೆಯುತ್ತಿರುವ ಈ ಕನ್ನಡವನ್ನು ನಾನು ಆಮೇಲೆ ಪುಸ್ತಕಗಳಿಂದ ಕಲಿತೆ. ಅವತ್ತು 'ಅಸಿಸ್ಟೆಂಟ್ ಮ್ಯಾನೇಜರ್' ಎಂಬುದನ್ನು ಮನೆಮಾತಿಗೆ ತರಲು ಹೋಗಿ ಸೋತೆ. ಅದು ಹಾಗೇ ಇರಲಿ, ಹಾಗಿದ್ದರೇ ದೊಡ್ಡದಾಗಿ ಕೇಳುತ್ತದೆ ಎಂದು ಅಪ್ಪ ಹೇಳಿದ.

ಆ ಇಮೇಲು ಅತ್ತೆಯ ಮನೆಯಲ್ಲಿರುವುದು ಬಿಟ್ಟು ನಮ್ಮ ಮನೆಗೆ ಬರಲು ಕಾರಣವಿತ್ತು. ನಮ್ಮಲ್ಲಿ ಮಾವನ ಮಗಳ ಮೇಲೆ ಅತ್ತೆಯ ಮಗನಿಗೆ ಹಕ್ಕು. ಅದಕ್ಕೆ ಮೊರೆ ಅನ್ನುತ್ತಾರೆ. ಹುಡುಗಿಯನ್ನು ಬೇರೆ ಕಡೆ ಕೊಡಬೇಕಾದರೆ ಮೊದಲು ಅತ್ತೆಯ ಮನೆಗೆ ವೀಳ್ಯದೆಲೆ ಹಿಡಿದು ಹೋಗಬೇಕು, ಅವಳು ಬಾಯಿಬಿಟ್ಟು 'ನಮಗೆ ಬೇಡ' ಅನ್ನಬೇಕು. ನನ್ನ ಅತ್ತೆ ಸಂತೆಯಲ್ಲಿ ಕೊಸರಿಗೆ ಹಾಕಿದ ಕರಿಬೇವನ್ನೂ ಬೇಡವೆನ್ನುವವಳಲ್ಲ. ನನಗೋ, ಆ ವರ್ಷ ದಿಂಡಿಗಲ್‌ನಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು. ಟೀಚರಾಗಬೇಕೆಂಬುದು ಚಿಕ್ಕಂದಿನಿಂದಲೂ ನನ್ನ ಹಟ. ಆವಣಿ, ಅಂದರೆ ತಮಿಳರ ಶ್ರಾವಣ, ಮುಗಿಯುವುದರೊಳಗೆ ಕಾಲೇಜು ಸೇರಬೇಕಿತ್ತು. ಅದೇ ಆವಣಿಯಲ್ಲಿ ಮದುವೆ ಮುಗಿಸಿ ನನ್ನನ್ನು ಮಸ್ಕತ್ತಿಗೆ ಕಳಿಸುವುದು ಹಿರಿಯರ ಲೆಕ್ಕಾಚಾರ. ಕಂಪೆನಿ ನಿಜವಾದರೆ ನಾನು ವಿಮಾನ ಹತ್ತಬೇಕು, ಸುಳ್ಳಾದರೆ ದಿಂಡಿಗಲ್ ಬಸ್ಸು. ನನಗೆ ಬಸ್ಸೇ ಬೇಕಿತ್ತು.

ಹುಡುಗನ ವಿಷಯ ಹೇಳುತ್ತೇನೆ. ಕೆಟ್ಟವನಲ್ಲ. ಕೆಟ್ಟವನಾಗಲೂ ಒಂದಿಷ್ಟು ಶ್ರಮ ಬೇಕು, ಅದೂ ಅವನಲ್ಲಿರಲಿಲ್ಲ. ಪಾಲಿಟೆಕ್ನಿಕ್ಕನ್ನು ಅರ್ಧಕ್ಕೆ ಬಿಟ್ಟ. ಚೆನ್ನೈಗೆ ಹೋಗಿ ಏನನ್ನೋ ಕಲಿತು ಬಂದ. ಏನು ಎಂದು ಕೇಳಿದರೆ 'ಸಿಸ್ಟಮ್ ಸೈಡ್' ಅನ್ನುತ್ತಿದ್ದ. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಬಾಚಣಿಗೆ ಇರುತ್ತಿತ್ತು. ಮಾತಿನ ನಡುವೆ ಉತ್ತರ ಹೊಳೆಯದಿದ್ದಾಗ ಅದನ್ನು ತೆಗೆದು ತಲೆ ಬಾಚಿಕೊಳ್ಳುತ್ತಿದ್ದ, ಹಾಗಾಗಿ ಅವನ ತಲೆ ಯಾವಾಗಲೂ ನೀಟಾಗಿರುತ್ತಿತ್ತು. ನನ್ನ ಜತೆ ಅವನು ಆಡಿದ ಮಾತುಗಳನ್ನೆಲ್ಲ ಕೂಡಿಸಿದರೆ ಒಂದು ಪೋಸ್ಟ್‌ಕಾರ್ಡೂ ತುಂಬದು. ಅವನ ಜತೆ ಬದುಕುವುದೆಂದರೆ ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಸಾಮಾನು ಕಾಯುತ್ತ ಕೂತ ಹಾಗೆ ಎಂದು ನನಗೆ ಅನ್ನಿಸುತ್ತಿತ್ತು.

ನಮ್ಮ ಬೀದಿಯ ಹಿರಿಯರು ಇಮೇಲನ್ನು ಪರೀಕ್ಷೆ ಮಾಡಿದ ರೀತಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಜಗಲಿಯ ಮೇಲೆ ಸಾಲಾಗಿ ಕುಳಿತು ಕೈಯಿಂದ ಕೈಗೆ ದಾಟಿಸಿದರು. ಒಬ್ಬರು ನೋಟಿನ ಹಾಗೆ ಬಿಸಿಲಿಗೆ ಹಿಡಿದು ಒಳಗೆ ಗೆರೆಯಿದೆಯೇ ಎಂದು ನೋಡಿದರು. ಇನ್ನೊಬ್ಬರು ಹೆಬ್ಬೆರಳನ್ನು ಎಂಜಲು ಮಾಡಿ ಅಕ್ಷರ ಉಜ್ಜಿದರು. ಮಸಿ ಅಳಿಸಲಿಲ್ಲ, ಆದ್ದರಿಂದ ಕಂಪೆನಿ ಗಟ್ಟಿ. ಮೇಲ್ಗಡೆ ಕಂಪೆನಿಯ ಗುರುತು ಬಣ್ಣದಲ್ಲಿತ್ತು, ಬಣ್ಣ ಹಾಕುವಷ್ಟು ಅನುಕೂಲವಿರುವವನು ಸುಳ್ಳು ಹೇಳುವುದಿಲ್ಲವಂತೆ. ದ್ರಾಕ್ಷಿ ಗೊನೆಯನ್ನು ದೂರದಿಂದ ನೋಡಿಯೇ ಹುಳಿಯೋ ಸಿಹಿಯೋ ಹೇಳಬಲ್ಲ ಜನ ಇವರು. ದಲ್ಲಾಳಿಯೊಬ್ಬ ತಕ್ಕಡಿ ಮುಟ್ಟಿದರೆ ಅವನ ಕಿರುಬೆರಳು ಎಲ್ಲಿದೆ ಎಂದು ಕಣ್ಣಿಡುವವರು. ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಆ ಬುದ್ಧಿಯನ್ನೆಲ್ಲ ಚಪ್ಪಲಿಯ ಜತೆ ಹೊರಗೆ ಬಿಟ್ಟಿದ್ದರು. ಅಪ್ಪ ಎಲ್ಲರಿಗಿಂತ ಜಾಸ್ತಿ ತಲೆ ಆಡಿಸುತ್ತಿದ್ದ. ಎಂಥ ಪೆದ್ದ ನನ್ನ ಅಪ್ಪ ಎಂದು ನಾಚಿಕೆಯಾಯಿತು.

ನನ್ನ ಪರೀಕ್ಷೆ ಶುರುವಾದದ್ದು ತೇನಿಯ ಬ್ರೌಸಿಂಗ್ ಸೆಂಟರಿನಲ್ಲಿ. ಹೊಸದಾಗಿ ತೆರೆದಿತ್ತು. ಗುಡಿಗೆ ಹೋದ ಹಾಗೆ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಒಳಗೆ ಹಲಗೆಯ ಗೂಡುಗಳು, ಗೂಡಿಗೊಂದು ಪರದೆ. ಫೋನ್ ಲೈನು ಕೊಂಯ್ ಎಂದು ಅರಚಿ ಅರಚಿ ಹಿಡಿದುಕೊಳ್ಳುವವರೆಗೆ ಎಲ್ಲರೂ ಸುಮ್ಮನೆ ಕೂತಿರಬೇಕು. ಅದನ್ನು ನಡೆಸುತ್ತಿದ್ದವನು ಟೈ ಕಟ್ಟುತ್ತಿದ್ದ. ತೇನಿಯ ಬಿಸಿಲಿನಲ್ಲಿ ಟೈ ಕಟ್ಟುವವನ ತಿಳಿವಳಿಕೆ ಎಷ್ಟಿರಬೇಕೋ ಅಷ್ಟೇ ಇತ್ತು ಅವನಲ್ಲಿ. ಆ ಇಮೇಲು ಹೊರಟ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಇದು ಕಂಪೆನಿಯದೇ ವಿಳಾಸವೇ ಎಂದು ಕೇಳಿದೆ. ಅದು ಯಾರು ಬೇಕಾದರೂ ಪುಕ್ಕಟೆ ತೆಗೆಯಬಹುದಾದ ವಿಳಾಸ. ನನಗೂ ಕಂಪ್ಯೂಟರ್ ಕ್ಲಾಸಿನಲ್ಲಿ ಅಂಥದೊಂದನ್ನು ತೆಗೆದುಕೊಟ್ಟಿದ್ದರು. ಅವನು ಚೀಟಿ ನೋಡಿ, ದೊಡ್ಡ ದೊಡ್ಡ ಕಂಪೆನಿಗಳೂ ಇದನ್ನೇ ಇಟ್ಟುಕೊಂಡಿವೆ ಎಂದ. ಯಾವ ಕಂಪೆನಿ ಎಂದೆ. ಬಹಳ ಇವೆ ಎಂದ. ಕಟ್ಟಡ ಕಟ್ಟಿಸುವ ಕಂಪೆನಿಗೆ ತನ್ನ ಹೆಸರಿನದೊಂದು ವಿಳಾಸ ಕಟ್ಟಿಕೊಳ್ಳಲು ಆಗಲಿಲ್ಲವೇ ಎಂದು ಕೇಳಿದೆ. ಮೇಡಂ ನಿಮ್ಮ ಸಮಯ ಮುಗಿಯಿತು ಎಂದ. ಆದರೂ ಅದೊಂದರಿಂದಲೇ ಸುಳ್ಳೆಂದು ಸಾಧಿಸಲು ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು. ಆಗ ಎಲ್ಲರೂ ಹೊಸಬರೇ, ನಿಜವಾದ ಕಂಪೆನಿಗಳೂ ತಡಕಾಡುತ್ತಿದ್ದ ಕಾಲ.

ಜೂನಿನಲ್ಲಿ ಹುಟ್ಟುವ ಆನಿ ತಿಂಗಳಿಡೀ ಇಮೇಲುಗಳು ಬಂದವು. ಚೆನ್ನೈಗೆ ಇಂಟರ್‌ವ್ಯೂಗೆ ಬಾ ಎಂದು ಒಂದು. ಅತ್ತೆಯ ಮಗ ಹೋಗಿ, ಒಂದು ಎತ್ತರದ ಕಟ್ಟಡದ ಮುಂದೆ ಫೋಟೋ ಹೊಡೆಸಿಕೊಂಡು ಬಂದ. ಫೋಟೋದಲ್ಲಿ ಕಟ್ಟಡದ ಬೋರ್ಡು ಮಾತ್ರ ಬಿದ್ದಿರಲಿಲ್ಲ. ಆಯ್ಕೆಯಾಗಿದ್ದೀಯ ಎಂದು ಇನ್ನೊಂದು. ಡಾಕ್ಟರ ಹತ್ತಿರ ತಪಾಸಣೆ ಮಾಡಿಸು ಎಂದು ಮತ್ತೊಂದು. ಪ್ರತಿ ಸಲವೂ ಅತ್ತೆ ಅರಿಶಿನ ಹಚ್ಚಿ ತರುವಳು, ನಾನು ಗಟ್ಟಿಯಾಗಿ ಓದುವೆನು, ಅಪ್ಪ ತಲೆ ಆಡಿಸುವನು, ಅಮ್ಮ ಕಾಫಿ ತರುವಳು. ಅಮ್ಮನಂತೂ ತವರಿಗೆಲ್ಲ ಹೇಳಿ ಕಳಿಸಿದ್ದಳು. ನಿಲಕ್ಕೋಟ್ಟೈಯಲ್ಲಿ ಮಲ್ಲಿಗೆ ತೋಟ ಮಾಡಿಕೊಂಡಿದ್ದ ನನ್ನ ಸೋದರಮಾವ, ಮದುವೆಗೆ ಹೂವೆಲ್ಲ ತನ್ನದೇ ಎಂದು ಆಗಲೇ ಒಪ್ಪಿಕೊಂಡಾಗಿತ್ತು.

ಆಮೇಲೆ ಆಡಿ ತಿಂಗಳು ಬಂತು. ಕನ್ನಡ ನಾಡಿನ ಆಷಾಢದ ಹಾಗೆ ಅದು ಶುಭಕಾರ್ಯಗಳಿಗೆ ಆಗದ ತಿಂಗಳು. ಹೊಸ ಸೊಸೆಯರನ್ನು ತವರಿಗೆ ಕಳಿಸುತ್ತಾರೆ, ಯಾರೂ ಮನೆ ಬದಲಾಯಿಸುವುದಿಲ್ಲ, ಹೆಣ್ಣು ನೋಡುವುದಿಲ್ಲ. ಮಸ್ಕತ್ತಿನ ಕಂಪೆನಿಯೂ ಬಾಯಿ ಮುಚ್ಚಿಕೊಂಡಿತು. ಒಂದೇ ಒಂದು ಇಮೇಲು ಬರಲಿಲ್ಲ. ಅತ್ತೆಗೂ ಅಪ್ಪನಿಗೂ ಅದರ ಗಾಬರಿಯೇ ಇರಲಿಲ್ಲ, ಆಡಿ ಕಳೆಯಲಿ ಎಂದು ನೆಮ್ಮದಿಯಾಗಿದ್ದರು. ಆವಣಿ ಹುಟ್ಟಿ ಮೊದಲ ಶುಕ್ರವಾರವೇ ಇಮೇಲು ಹಾಜರ್. ಒಪ್ಪಂದಕ್ಕೆ ಸಹಿ ಮಾಡಲು ಚೆನ್ನೈಗೆ ಬಾ, ಬೆಳಗ್ಗೆ ಒಂಬತ್ತೂವರೆಗೆ ಬಾ, ಹತ್ತೂವರೆಯನ್ನು ದಾಟಿಸಬೇಡ ಎಂದು ಬರೆದಿತ್ತು.

ಆ ಸಾಲನ್ನು ಮನೆಮಾತಿನಲ್ಲಿ ಹೇಳುವಾಗ ನನ್ನ ಬಾಯಿ ನಿಂತಿತು. ಅವರು ಹೇಳಿದ ದಿನವೂ ಶುಕ್ರವಾರ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಹಿಡಿಯುತ್ತದೆ ಎಂಬುದನ್ನು ನಮ್ಮ ಊರಿನಲ್ಲಿ ಹಾಲು ಬಿಟ್ಟ ಮಗುವೂ ಬಲ್ಲದು. ಎಲ್ಲರೂ ಹೋದ ಮೇಲೆ ಹಳೆಯ ಇಮೇಲುಗಳನ್ನೆಲ್ಲ ದೇವರ ಗೂಡಿನಿಂದ ತೆಗೆದೆ. ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರು ನಮ್ಮ ಅಡುಗೆಮನೆ ಬಾಗಿಲಿನಲ್ಲಿತ್ತು. ಹರಿದ ಹಾಳೆಗಳನ್ನು ಅಮ್ಮ ಬಿಸಾಡುತ್ತಿರಲಿಲ್ಲ, ಸಾಸಿವೆ ಜೀರಿಗೆ ಕಟ್ಟಿಡಲು ಡಬ್ಬದಲ್ಲಿ ತುಂಬಿಡುತ್ತಿದ್ದಳು. ಡಬ್ಬವನ್ನು ನೆಲಕ್ಕೆ ಸುರಿದು ಕುಳಿತೆ. ಕಂಪೆನಿ ಕಳಿಸಿದ ದಿನ, ಕರೆದ ದಿನ, ಕರೆದ ಹೊತ್ತು, ಒಂದೊಂದನ್ನೂ ಹಾಳೆಗೆ ಹಿಡಿದು ನೋಡಿದೆ. ಒಂದೂ ಅಷ್ಟಮಿಯಲ್ಲಿ ಬಿದ್ದಿರಲಿಲ್ಲ, ಒಂದೂ ನವಮಿಯಲ್ಲಿ ಬಿದ್ದಿರಲಿಲ್ಲ. ಕರೆದ ಹೊತ್ತೆಲ್ಲವೂ ಆಯಾ ಹಾಳೆಯಲ್ಲಿ 'ಒಳ್ಳೆ ಹೊತ್ತು' ಎಂದು ಅಚ್ಚಾಗಿದ್ದ ಹೊತ್ತೇ. ಸಮುದ್ರದ ಆಚೆ, ಮರಳುಗಾಡಿನಲ್ಲಿ ಕಟ್ಟಡ ಕಟ್ಟಿಸುವ ಕಂಪೆನಿ ನಮ್ಮ ಅಡುಗೆಮನೆಯ ಕ್ಯಾಲೆಂಡರು ನೋಡಿ ಕೆಲಸ ಮಾಡುತ್ತಿತ್ತು. ನನಗೆ ಖುಷಿಯಾದದ್ದು ಇಷ್ಟಿಷ್ಟಲ್ಲ. ಕಳ್ಳನನ್ನು ಅವನ ಮೂರ್ಖತನವೇ ಹಿಡಿದುಕೊಟ್ಟಿತ್ತು.

ಮಾರನೆಯ ದಿನ ಜಗಲಿಯ ಮೇಲಿದ್ದ ಹಿರಿಯರ ಮುಂದೆ ಹಾಳೆಗಳನ್ನು ಹರಡಿ, ಅಪ್ಪನಿಗೂ ಅವರಿಗೂ ಸಾವಧಾನವಾಗಿ ವಿವರಿಸಿದೆ. ಗಲ್ಫಿನವರಿಗೆ ರಾಹುಕಾಲವಿಲ್ಲ, ಆಡಿಯಿಲ್ಲ, ನವಮಿಯಿಲ್ಲ. ಇದನ್ನು ಬರೆದವನು ನಮ್ಮವನೇ, ಇಲ್ಲೇ ಕೂತು ಬರೆದಿದ್ದಾನೆ ಎಂದೆ. ಅವರು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖ ಅರಳಿತು. ಅಪ್ಪ ಗಂಟಲು ಸರಿಮಾಡಿಕೊಂಡ.

"ಪೆರಿಯ ಕಂಪೆನಿ ಅಂದ್ರೆ ಇಂಗಿರ್ಬೇಕು. ಯಾವೂರಿಗೆ ಹೋದ್ರೂ ನೇರ ಕಾಲ ಪಾರ್ತು ಮಾಡ್ತಾರೆ."

ದೊಡ್ಡ ಕಂಪೆನಿ ಎಲ್ಲಿಗೆ ಹೋದರೂ ಹೊತ್ತು ನೋಡಿಯೇ ಮಾಡುತ್ತದೆ ಎಂಬ ಅವನ ಮಾತಿಗೆ ಹಿರಿಯರೆಲ್ಲ ಹೌದೌದೆಂದರು. ಅಲ್ಲಿಯವರೆಗೆ ಯಾರಿಗಾದರೂ ಒಂದಿಷ್ಟು ಅನುಮಾನವಿದ್ದಿದ್ದರೆ ಅದೂ ಹೋಯಿತು. ಒಳ್ಳೆ ಹೊತ್ತು ನೋಡುವ ಕಂಪೆನಿಗೆ ಹುಡುಗನನ್ನಷ್ಟೇ ಅಲ್ಲ, ಹುಡುಗಿಯನ್ನೂ ಕಣ್ಣುಮುಚ್ಚಿ ಕೊಡಬಹುದು ಎಂದು ಒಬ್ಬರು ಹೇಳಿದರು. ನಾನು ತಂದುಕೊಟ್ಟ ಸಾಕ್ಷಿಯಿಂದಲೇ ನನ್ನ ಮದುವೆ ಗಟ್ಟಿಯಾಯಿತು. ಹಾಳೆಗಳನ್ನು ಬಾಚಿಕೊಂಡು ಒಳಗೆ ಬಂದೆ. ಇಂಥ ಜನರ ನಡುವೆ ಹುಟ್ಟಿದ್ದಕ್ಕೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಇನ್ನು ಅವರಿಗೂ ಅಲ್ಲಗಳೆಯಲಾಗದ ಸಾಕ್ಷಿ ಬೇಕಿತ್ತು. ಕಾಲೇಜಿಗೆ ಸರ್ಟಿಫಿಕೇಟು ತೋರಿಸುವ ನೆಪದಲ್ಲಿ ದಿಂಡಿಗಲ್‌ಗೆ ಹೊರಟೆ. ಮದುವೆಯಾಗುವವಳಿಗೆ ಸರ್ಟಿಫಿಕೇಟು ಯಾಕೆ ಎಂದು ಅಮ್ಮ ಕೇಳಿದಳು. ಮಸ್ಕತ್ತಿನಲ್ಲೂ ಶಾಲೆಗಳಿವೆ ಎಂದೆ. ಅದು ಅವಳಿಗೆ ಹಿಡಿಸಿತು. ದಿಂಡಿಗಲ್ ಬಸ್ ಸ್ಟ್ಯಾಂಡಿನ ಹಿಂದೆ ಬೀಗದ ಅಂಗಡಿಗಳ ಸಾಲಿನ ಮೇಲೊಂದು ಬ್ರೌಸಿಂಗ್ ಸೆಂಟರಿತ್ತು. ಅಲ್ಲಿ ಒಂದು ಗಂಡಸಿನ ಹೆಸರಿನಲ್ಲಿ ಹೊಸ ವಿಳಾಸ ತೆಗೆದು ಮಸ್ಕತ್ತಿನ ಕಂಪೆನಿಗೆ ಬರೆದೆ. ನಾನು ಹುಡುಗಿಯ ಕಡೆಯ ಸಂಬಂಧಿ, ನಿಮ್ಮಲ್ಲಿ ಕೆಲಸಕ್ಕೆ ಸೇರುವ ಈ ಹುಡುಗನ ವಿಷಯ ತಿಳಿಸಿ ಎಂದು ಒಂದು ಸಾಲು. ಅವನಿಗೆ ವಾರದ ರಜೆ ಯಾವ ದಿನ ಸಿಗುತ್ತದೆ ಎಂದು ಇನ್ನೊಂದು.

ರಜೆಯ ಪ್ರಶ್ನೆಯನ್ನು ನಾನು ಬೇಕೆಂದೇ ಇಟ್ಟಿದ್ದೆ. ಉತ್ತಮಪಾಳ್ಯದಲ್ಲಿ ನನ್ನ ಜತೆ ಓದಿದ ಗೆಳತಿಯೊಬ್ಬಳ ಅಣ್ಣ ಮಸ್ಕತ್ತಿನಲ್ಲಿದ್ದ. ಅವನು ಮನೆಗೆ ಫೋನು ಮಾಡುತ್ತಿದ್ದದ್ದು ಶುಕ್ರವಾರ. ಅಲ್ಲಿ ಅದೇ ರಜೆ, ಅವತ್ತು ಆಫೀಸುಗಳಿಗೆ ಬೀಗ. ನಮ್ಮ ಕಂಪೆನಿಯೋ ಶುಕ್ರವಾರ ಬಿಟ್ಟು ಬೇರೆ ದಿನ ಇಮೇಲು ಬರೆಯುತ್ತಲೇ ಇರಲಿಲ್ಲ.

ಮುಂದಿನ ವಾರ ತೇನಿಯಲ್ಲಿ ಉತ್ತರ ತೆಗೆದು ಓದಿದೆ. ಮಸ್ಕತ್ತಿನ ಮಹಾ ಕಂಪೆನಿ ಬರೆದಿತ್ತು: ಹುಡುಗ ಚಿನ್ನದಂಥವನು, ಕುಡಿತವಿಲ್ಲ, ಬೀಡಿ ಸಿಗರೇಟು ಇಲ್ಲ, ಬೇರೆ ಹೆಣ್ಣಿನ ಸಹವಾಸವಿಲ್ಲ, ತಾಯಿ ಹಾಕಿದ ಗೆರೆ ದಾಟುವವನಲ್ಲ. ಹೆಣ್ಣಿನ ಕಡೆಯವರು ಧೈರ್ಯವಾಗಿ ಮುಂದುವರಿಯಬಹುದು. ಹೆಣ್ಣು ಪುಣ್ಯ ಮಾಡಿರಬೇಕು. ವಾರದ ರಜೆ ಭಾನುವಾರ. ಗೂಡಿನ ಪರದೆಯ ಹಿಂದೆ ಒಬ್ಬಳೇ ಕೂತು ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕೆ. ಆಮೇಲೆ ಸಿಟ್ಟು ಬಂತು. ಇಷ್ಟು ಅಗ್ಗದ ಸುಳ್ಳಿಗೆ ನನ್ನ ಬದುಕನ್ನು ಕೊಡಲು ಹೊರಟಿದ್ದಾರಲ್ಲ. ಪ್ರಿಂಟು ತೆಗೆಸಿಕೊಂಡು ಸೀದಾ ಬಸ್ಸು ಹತ್ತಿದೆ.

ಮನೆಗೆ ಬಂದು ಅಪ್ಪನ ಮುಂದೆ ಅದನ್ನಿಟ್ಟೆ. ಅಮ್ಮ ಅಡುಗೆಮನೆಯಲ್ಲಿದ್ದಳು. ಭಾನುವಾರ ರಜೆ ಕೊಡುವ ಕಂಪೆನಿ ಮಸ್ಕತ್ತಿನಲ್ಲಿಲ್ಲ, ಬೇಕಿದ್ದರೆ ಮನೆಗೊಬ್ಬರು ಗಲ್ಫಿನಲ್ಲಿರುವ ಉತ್ತಮಪಾಳ್ಯದಲ್ಲಿ ಯಾವ ಮನೆಯ ಕದ ತಟ್ಟಿ ಬೇಕಾದರೂ ಕೇಳು, ಅತ್ತೆಯನ್ನು ಕರೆಸು, ಎಲ್ಲರ ಮುಂದೆ ಹೇಳುತ್ತೇನೆ ಎಂದೆ. ಅಪ್ಪ ಕಾಗದದ ಕಡೆ ನೋಡಲಿಲ್ಲ. ಅಡುಗೆಮನೆಯ ಕಡೆ ನೋಡಿದ. ಟವೆಲನ್ನು ಹೆಗಲಿಗೆ ಹಾಕಿಕೊಂಡು, ತೋಟಕ್ಕೆ ಬಾ ಎಂದು ಮೆತ್ತಗೆ ಹೇಳಿ ಮುಂದೆ ನಡೆದ.

ನಮ್ಮ ದ್ರಾಕ್ಷಿ ಚಪ್ಪರ ಊರಾಚೆ ಕಾಲುವೆಯ ಪಕ್ಕದಲ್ಲಿತ್ತು. ಚಪ್ಪರ ತಗ್ಗು, ಅದರಡಿ ಅಪ್ಪನ ಎತ್ತರದವರು ತಲೆ ಬಗ್ಗಿಸಿಯೇ ನಿಲ್ಲಬೇಕು. ಹಾಗೆ ನಿಂತು, ಹಣ್ಣಾಗುತ್ತಿದ್ದ ಗೊನೆಯೊಂದರಿಂದ ಕೆಟ್ಟ ಕಾಯಿಗಳನ್ನು ಉಗುರಿನಲ್ಲಿ ಚಿವುಟುತ್ತ ಅಪ್ಪ ಹೇಳಿದ.

"ಕಂಪೆನಿ ಪೊಯ್ಯಿ ಅಂತ ನಂಗೂ ಗೊತ್ತು ತಾಯಿ. ಹುಡುಗ ಪೊಯ್ಯಿ ಅಲ್ಲ. ನಮ್ಮ ಅಕ್ಕನ ಮಗ."

ಪೊಯ್ಯಿ ಅಂದರೆ ಸುಳ್ಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪೆನಿಯೇ ಇಲ್ಲ ಎಂದು ಗೊತ್ತಿದ್ದ ಮೇಲೆ ಆ ಕಾಗದಗಳನ್ನೆಲ್ಲ ಯಾರನ್ನು ನಂಬಿಸಲು ಬರೆಸಿದ್ದು ಎಂದು ಕೇಳಿದೆ.

"ನಿನ್ನನ್ನೇ. ನಮ್ಮ ಮನೇಲಿ ಇಂಗಿಲೀಸು ಓದೋರು ಇನ್ಯಾರವ್ರೆ?"

ಒಂದೊಂದೇ ಸರಿದು ಜಾಗಕ್ಕೆ ಬಂತು. ಓದು ಬಿಟ್ಟ ಹುಡುಗನನ್ನು ಡಿಗ್ರಿ ಓದಿದವಳು ಒಪ್ಪುವುದಿಲ್ಲ ಎಂದು ಅಕ್ಕ ತಮ್ಮ ಇಬ್ಬರೂ ಕೂತು ಯೋಚಿಸಿದ್ದರು. ಮೊರೆ ಬಿಟ್ಟುಕೊಡುವ ಹಾಗಿಲ್ಲ, ಹುಡುಗಿ ಒಪ್ಪುವ ಹಾಗಿಲ್ಲ. ಹುಡುಗನಿಗೆ ಒಂದು ಉದ್ಯೋಗ ಹುಟ್ಟಿಸಬೇಕು, ಅದು ಇಂಗ್ಲಿಷಿನಲ್ಲಿ ಬರಬೇಕು, ಹುಡುಗಿ ತನ್ನ ಬಾಯಿಂದಲೇ ಓದಿ ತಾನೇ ನಂಬಬೇಕು. ಬರೆಯುವ ಕೆಲಸ ಹುಡುಗನದೇ, ಮದುವೆಯಾದ ಮೇಲೆ ವೀಸಾ ತಪ್ಪಿತು ಎಂದರೆ ಮುಗಿಯಿತು. ಅಮ್ಮನಿಗೆ ಹೇಳಿರಲಿಲ್ಲ, ಅವಳ ಬಾಯಲ್ಲಿ ನಿಲ್ಲುವುದಿಲ್ಲವೆಂದು. ಜಗಲಿಯ ಹಿರಿಯರಿಗೂ ಹೇಳಿರಲಿಲ್ಲ. ಅವರು ಪಾಪ, ನಿಜವಾಗಿ ಪೆದ್ದರು. ಅಪ್ಪ ಪೆದ್ದನಾಗಿರಲಿಲ್ಲ. ಅವನು ಪೆದ್ದನಾಗಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿದ್ದು ಆಗ. ಇಷ್ಟು ತಿಂಗಳು ಅವನ ದಡ್ಡತನದ ಮೇಲೆ ಸುರಿದಿದ್ದ ತಿರಸ್ಕಾರವೆಲ್ಲ ಈಗ ಅವನ ಜಾಣತನದ ಕಡೆ ತಿರುಗಿತು.

ಹಾಗಾದರೆ ಆ ಹೊತ್ತು, ರಾಹುಕಾಲ, ಆಡಿ, ಅದೆಲ್ಲ ಯಾಕೆ ಎಂದು ಕೇಳಿದೆ. ಸುಳ್ಳು ಬರೆಯುವವನಿಗೆ ಪಂಚಾಂಗ ಯಾಕೆ? ಹೊತ್ತನ್ನೆಲ್ಲ ತಾನೇ ನೋಡಿ ಅಕ್ಕನಿಗೆ ಹೇಳಿ ಕಳಿಸುತ್ತಿದ್ದೆ ಎಂದ. ಅದನ್ನು ಹೇಳುವಾಗ ಮಾತ್ರ ಅವನು ತಲೆ ಎತ್ತಿ ನನ್ನ ಮುಖ ನೋಡಿದ.

"ನಿನ್ನ ಕಲ್ಯಾಣದ ಕಾರ್ಯ. ಕೆಟ್ಟ ನೇರದಾಗೆ ಎಂಗಮ್ಮ ಕಳ್ಸೋದು?"

ನನಗೆ ಅಳು ಬಂತು, ಅವನ ಮುಂದೆ ಅಳಬಾರದೆಂದು ಹಲ್ಲು ಕಚ್ಚಿದೆ. ನನಗೆ ಮೋಸ ಮಾಡುವಾಗಲೂ ನನಗೆ ಒಳ್ಳೆಯದಾಗಲಿ ಎಂದು ಹೊತ್ತು ನೋಡಿದ ಮನುಷ್ಯನನ್ನು ಏನೆಂದು ಬೈಯುವುದು? ಇಷ್ಟೆಲ್ಲ ಮಾಡುವ ಬದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ ಎಂದ. ಹೌದು, ಅನ್ನುತ್ತಿದ್ದೆ ಎಂದೆ. ಅದಕ್ಕೇ ಕೇಳಲಿಲ್ಲ ಎಂದು ಹೇಳಿ ಮತ್ತೆ ಗೊನೆಯ ಕಡೆ ತಿರುಗಿದ. ಅಕ್ಕ ಶುಕ್ರವಾರ ಕಡೆಯ ಕಾಗದ ತರುತ್ತಾಳೆ, ಹಿರಿಯರೂ ಇರುತ್ತಾರೆ, ಅವತ್ತೇ ವೀಳ್ಯದೆಲೆ ಬದಲಾಯಿಸುವುದು, ನೀನು ಸುಮ್ಮನೆ ಓದಿದರೆ ಸಾಕು, ಎಲ್ಲರ ಮುಂದೆ ಅತ್ತೆಯ ಮಾನ ತೆಗೆಯಬೇಡ ಎಂದ. ತೆಗೆಯುವುದಿಲ್ಲ ಎಂದು ಮಾತು ಕೊಟ್ಟೆ. ನಾನು ಕೊಟ್ಟ ಮಾತಿನಂತೆಯೇ ನಡೆದುಕೊಂಡೆ.

ಶುಕ್ರವಾರ ಬೆಳಗ್ಗೆ ಒಳ್ಳೆ ಹೊತ್ತಿಗೆ ಎಲ್ಲರೂ ಸೇರಿದರು. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅವಳ ಮಗ ಹೊಸ ಶರ್ಟಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ಅತ್ತೆ ಕವರಿನಿಂದ ಕಾಗದ ತೆಗೆದು ನನ್ನ ಕೈಗಿಟ್ಟಳು, ಗಟ್ಟಿಯಾಗಿ ಓದಮ್ಮ ಎಂದಳು. ಮೊದಲು ಇಂಗ್ಲಿಷಿನಲ್ಲಿ ಓದಿದೆ, ಒಂದು ಅಕ್ಷರ ಬಿಡದೆ. ಹುಡುಗ ಆವಣಿ ಮುಗಿದ ಕೂಡಲೇ ಬಂದು ಕೆಲಸಕ್ಕೆ ಸೇರಬೇಕು, ಹೆಂಡತಿಯನ್ನು ಜತೆಗೆ ಕರೆತರಲು ಅನುಮತಿಯಿದೆ, ನವದಂಪತಿಗೆ ಕಂಪೆನಿಯ ಶುಭಾಶಯ ಎಂದಿತ್ತು. ಓದಿ ಮುಗಿಸಿ, ಕಾಗದದಿಂದ ಕಣ್ಣು ತೆಗೆಯದೆ, ಮನೆಮಾತಿನಲ್ಲಿ ಹೇಳತೊಡಗಿದೆ.

ಹುಡುಗನ ಕೆಲಸ ಗಟ್ಟಿಯಾಗಿದೆ, ಕಂಪೆನಿಗೆ ಅವನ ಮೇಲೆ ಬಹಳ ವಿಶ್ವಾಸವಿದೆ ಎಂದೆ. ಅತ್ತೆಯ ಮುಖ ಬೆಳಗಿತು. ಆದರೆ ಹುಡುಗಿಯ ವಿಷಯವನ್ನೂ ಕಂಪೆನಿ ವಿಚಾರಿಸಿದೆ, ಅವಳಿಗೆ ಈ ಮದುವೆ ಇಷ್ಟವಿಲ್ಲವೆಂದು ಅವರಿಗೆ ತಿಳಿದುಬಂದಿದೆ ಎಂದೆ. ಒಲ್ಲದ ಹುಡುಗಿಯನ್ನು ಕಟ್ಟಿಕೊಂಡು ಬರುವವನಿಗೆ ಅಲ್ಲಿ ಜಾಗವಿಲ್ಲ, ಅವಳು ದಿಂಡಿಗಲ್‌ಗೆ ಹೋಗಿ ಟೀಚರ್ ಓದು ಓದಲಿ, ಹುಡುಗನಿಗೆ ಬೇರೆ ಹೆಣ್ಣು ನೋಡಿ ಎಂದು ಬರೆದಿದ್ದಾರೆ ಎಂದೆ. ಅತ್ತೆಯ ಮನೆತನಕ್ಕೆ ನಮಸ್ಕಾರವನ್ನೂ ತಿಳಿಸಿದ್ದಾರೆ ಎಂದು ಸೇರಿಸಿದೆ, ಮಾನಕ್ಕೆ ಕಡಿಮೆಯಾಗಬಾರದಲ್ಲ.

ಅತ್ತೆ ಮಗನ ಕಡೆ ನೋಡಿದಳು. ಅವನ ಬಾಯಿ ತೆರೆದಿತ್ತು. ಹಾಗೆಲ್ಲ ಬರೆದಿಲ್ಲ ಎಂದು ತೊದಲಿದ. ಏನು ಬರೆದಿದೆಯೆಂದು ಓದದೆಯೇ ನಿನಗೆ ಹೇಗೆ ಗೊತ್ತು ಎಂದು ಕೇಳಿ ಕಾಗದವನ್ನು ಅವನ ಕಡೆ ಚಾಚಿದೆ. ಓದಿ ನನ್ನ ಜತೆ ವಾದಕ್ಕಿಳಿದರೆ ಬರೆದವನು ತಾನೇ ಎಂಬುದು ಹೊರಬಿದ್ದೀತೆಂದು ಅವನು ಅದನ್ನು ತೆಗೆದುಕೊಳ್ಳಲಿಲ್ಲ. ಕೈ ಹಿಂದಿನ ಜೇಬಿಗೆ ಹೋಗಿ ಬಾಚಣಿಗೆ ಹುಡುಕಿತು. ಅತ್ತೆ ತಮ್ಮನ ಕಡೆ ತಿರುಗಿದಳು. ಅಪ್ಪನಿಗೆ ಇಂಗ್ಲಿಷ್ ಬಾರದು. ಬಾರದ ಇಂಗ್ಲಿಷಿನಲ್ಲಿ ಏನಿದೆಯೆಂದು ತನಗೆ ಗೊತ್ತು ಎಂದು ಹಿರಿಯರ ಮುಂದೆ ಅವನು ಹೇಗೆ ಹೇಳಿಯಾನು? ಅವನು ತಟ್ಟೆಯಲ್ಲಿದ್ದ ಎಲೆಗಳನ್ನು ನೋಡುತ್ತ ಕೂತ.

ಹಿರಿಯರಲ್ಲಿ ಒಬ್ಬರು ಕೆಮ್ಮಿದರು. ಅಮ್ಮ ಅಡುಗೆಮನೆಯ ಬಾಗಿಲಿನಿಂದ ಬಂದು, ಕೈ ಒರೆಸಿಕೊಂಡು, ವೀಳ್ಯದ ತಟ್ಟೆಯನ್ನು ಎತ್ತಿಕೊಂಡಳು. ಅವಳಿಗೆ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂಬುದು ನನಗೆ ಇವತ್ತಿಗೂ ತಿಳಿಯದು. ಕೇಳಿದರೆ ಮಾತು ತೇಲಿಸುತ್ತಾಳೆ. ಅವತ್ತು ಅತ್ತೆಯ ಮುಂದೆ ನಿಂತು, ಗಂಡನ ಅಕ್ಕನನ್ನು ಎಂದಿನಂತೆ ಅಣ್ಣಿ ಎಂದೇ ಕರೆದು, ಬಹಳ ಮರ್ಯಾದೆಯಿಂದ ಹೇಳಿದಳು.

"ಅಷ್ಟು ಪೆರಿಯ ಕಂಪೆನಿಯೋರೇ ಬೇಡ ಅಂದ್ಮೇಲೆ ನಾವು ಯಾರು ಅಣ್ಣಿ, ಮೀರೋಕೆ?"